ಮನೆಯೊಳಗೊಂದು ಮನೆ

ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಗೃಹಕೃತ್ಯಕ್ಕೆ ಸಂಬಂಧಪಟ್ಟ ಒಂದಲ್ಲ ಒಂದು ವಿಷಯವನ್ನು ವಾಚಕರ ಮುಂದಿಡುತ್ತ ಬಂದಿರುವುದು ಸರಿಯಷ್ಟೆ. ಬಾವಿಯ ನೀರನ್ನು ಶುದ್ಧಿಮಾಡುವ ಕ್ರಮ, ಹಳೆಯ ಓಲೆಗರಿಗಳನ್ನು ಹುಳುವಿನಿಂದ ಕಾಪಾಡುವ ಬಗೆ, ಮಕ್ಕಳ ಅಕ್ಷರಾಭ್ಯಾಸ ಮೊದಲಾದವುಗಳ ನಡುವೆ ಈ ಸಲ ಗಣಕಯಂತ್ರದ ಮಾತು ಬಂದಿತೆಂದು ಯಾರೂ ಹುಬ್ಬು ಗಂಟಿಕ್ಕಬಾರದು. ಓಲೆಗರಿಗೆ ಹುಳು ಹೇಗೋ ಹಾಗೆ ಗಣಕಯಂತ್ರದಲ್ಲಿ ಬರೆದಿಟ್ಟ ಬರೆಹಕ್ಕೂ ಒಂದು ಬಗೆಯ ಹುಳು ಉಂಟು. ಅದು ಅಕ್ಷರವನ್ನು ತಿನ್ನುವುದಿಲ್ಲ, ಅಕ್ಷರವನ್ನು ಓದಬಲ್ಲ ಯಂತ್ರವನ್ನು ತಿನ್ನುತ್ತದೆ. ಅಕ್ಷರವು ಹಾಗೆಯೇ ಉಳಿದಿರುತ್ತದೆ, ಓದುವ ಉಪಾಯ ಮಾತ್ರ ಲೋಕದಿಂದ ಮರೆಯಾಗಿರುತ್ತದೆ. ಈ ಆಪತ್ತು ನಮ್ಮ ಮನೆಗೇ ಬಂದುದರಿಂದಲೂ, ಅದರಿಂದ ಪಾರಾದ ದಾರಿ ಇತರರಿಗೂ ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದಲೂ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಅಕ್ಕನವರನ್ನು ಮಲೆನಾಡಿನ ಕಡೆಗೆ ಕೊಟ್ಟಿದೆ. ಅವರಿಗೆ ಚಿಕ್ಕಂದಿನಿಂದಲೂ ಹಾಡಿನ ಹುಚ್ಚು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವ ಪದ, ತೊಟ್ಟಿಲ ಪದ ಇವುಗಳನ್ನೆಲ್ಲ ಊರೂರಿನ ಮುದುಕಿಯರ ಬಾಯಿಂದ ಕೇಳಿ ಚೀಟಿಗಳಲ್ಲಿ ಬರೆದಿಡುತ್ತಿದ್ದರು. 2003ರಿಂದ 2009ರವರೆಗೆ ಆ ಚೀಟಿಗಳೆಲ್ಲವನ್ನೂ ನಮ್ಮ ಮನೆಯ ಗಣಕಯಂತ್ರದಲ್ಲಿ ಕುಳಿತು ಬೆರಳಚ್ಚಿಸಿದರು. ನಮ್ಮ ಹಳೆಯ ಶಿಷ್ಯನೊಬ್ಬನು ಅದಕ್ಕೋಸ್ಕರ ಒಂದು ಸಣ್ಣ ತಂತ್ರಾಂಶವನ್ನು ತಾನೇ ರಚಿಸಿಕೊಟ್ಟಿದ್ದನು. ಹಾಡು, ಹಾಡಿದವರ ಹೆಸರು, ಊರು, ಹಾಡುವ ಸಂದರ್ಭ ಎಂಬ ನಾಲ್ಕು ಮನೆಗಳುಳ್ಳ ಪತ್ರಗಳು. ಒಟ್ಟು 412 ಪತ್ರಗಳು. ಮೂಲದ ಕಾಗದದ ಚೀಟಿಗಳನ್ನು ಆಮೇಲೆ ಗೆದ್ದಲು ತಿಂದಿತು. ಇನ್ನು ಆ ಗಣಕಯಂತ್ರವು ಕೆಟ್ಟು ಮೂಲೆ ಸೇರಿದಾಗ ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದವರು ಬೇರಾರೂ ಅಲ್ಲ, ನಾವೇ. ಕಡತಗಳ ಒಂದು ಪ್ರತಿಯನ್ನು ಸಿ.ಡಿ.ಯಲ್ಲಿ ಇಳಿಸಿಕೊಂಡಿದ್ದೇವಲ್ಲ, ಇನ್ನೇನು ಭಯ ಎಂಬ ಧೈರ್ಯ ನಮ್ಮದು. ಪುಸ್ತಕವನ್ನು ಇಟ್ಟುಕೊಂಡು ಕಣ್ಣನ್ನು ಮಾರಿದಂತಾಯಿತು.

ಈಗ ಅಕ್ಕನವರಿಗೆ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷಗಳಿಂದೀಚೆಗೆ ಅವರ ಜ್ಞಾಪಕಶಕ್ತಿ ಕುಂದುತ್ತ ಬಂದಿದೆ. ಬೆಳಗ್ಗೆ ಬಂದವರನ್ನು ಮಧ್ಯಾಹ್ನ ಗುರುತಿಸರು. ಆದರೂ ಒಮ್ಮೊಮ್ಮೆ ಗೋಡೆಯ ಕಡೆ ನೋಡುತ್ತ ಯಾವುದೋ ಹಾಡಿನ ಮೊದಲ ಎರಡು ಮಾತು ಹೇಳಿ, ಮುಂದಿನದು ತೋರದೆ, "ತಮ್ಮಯ್ಯ, ಬರೆದಿಟ್ಟಿದ್ದೀನಲ್ಲ, ಸ್ವಲ್ಪ ನೋಡಿ ಹೇಳು" ಎನ್ನುತ್ತಾರೆ. ಬರೆದಿಟ್ಟದ್ದು ನಿಜ. ನೋಡಿ ಹೇಳುವುದು ಹೇಗೆ? ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದರೆ ಪ್ರಶ್ನಚಿಹ್ನೆಗಳೂ ಮುರುಕು ಇಂಗ್ಲಿಷ್ ಅಕ್ಷರಗಳೂ ಸಾಲುಗಟ್ಟುತ್ತವೆ. ಆ ತಂತ್ರಾಂಶವೋ 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆಯ ಮೇಲೆ ನಡೆಯತಕ್ಕದ್ದು. ಆ ವ್ಯವಸ್ಥೆಗೆ ಅದರ ಒಡೆಯರು 2014ರ ಏಪ್ರಿಲಿನಲ್ಲಿಯೇ ಪೋಷಣೆಯನ್ನು ನಿಲ್ಲಿಸಿದರು. ಶಿಷ್ಯನನ್ನು ವಿಚಾರಿಸಿದರೆ, ತಂತ್ರಾಂಶದ ಮೂಲಪ್ರತಿ ಅವನಲ್ಲಿಯೂ ಉಳಿದಿಲ್ಲ.

ರಜಕ್ಕೆ ಬಂದಿದ್ದ ಅಕ್ಕನ ಮೊಮ್ಮಗಳು ಇದನ್ನೆಲ್ಲ ಕೇಳಿ, "ಅಜ್ಜ, ಹಳೇ ಕಂಪ್ಯೂಟರನ್ನು ಮಾರಿದ್ದು ಮಾರಿದಿರಿ. ಈಗಿರುವ ಕಂಪ್ಯೂಟರಿನ ಒಳಗೇ ಇನ್ನೊಂದು ಹಳೇ ಕಂಪ್ಯೂಟರ್ ಮಾಡಿಕೊಳ್ಳೋಣ" ಎಂದಳು. ಆಕೆ ಇಂಜಿನಿಯರಿಂಗ್ ಓದುವ ಹುಡುಗಿ. ನಾವು ಮೊದಲು ಇದನ್ನು ಪರಿಹಾಸವೆಂದೇ ತಿಳಿದೆವು. ಅದು ಪರಿಹಾಸವಲ್ಲವೆಂದು ತಿಳಿಯಲು ನಮಗೆ ಮೂರು ದಿನ ಹಿಡಿಯಿತು.

ವೇದಾಂತವನ್ನು ಅಷ್ಟಿಷ್ಟು ಕೇಳಿದವರಿಗೆ ಘಟಾಕಾಶದ ದೃಷ್ಟಾಂತವು ತಿಳಿದೇ ಇದೆ. ಮಡಕೆಯೊಳಗೆ ಕಾಣುವ ಆಕಾಶವು ಬೇರೆಯೆಂದು ತೋರಿದರೂ ಅದು ಮಹಾಕಾಶವೇ. ಮಡಕೆಯೆಂಬ ಉಪಾಧಿಯಿಂದ ಬೇರೆಯೆಂಬ ವ್ಯವಹಾರವುಂಟಾಗುತ್ತದೆ. ವರ್ಚುವಲ್ ಮಷೀನ್ ಎಂಬುದು ಇಂಥದೇ ಒಂದು ಘಟಾಕಾಶ. ನಾವು ಇದನ್ನು ಕಲ್ಪಿತಯಂತ್ರವೆಂದು ಕರೆಯೋಣ. ನಿಜವಾದ ಗಣಕಯಂತ್ರದ ಪ್ರೊಸೆಸರಿನಲ್ಲಿ ಒಂದು ಪಾಲು, ನೆನಪುಶಕ್ತಿಯಲ್ಲಿ ಒಂದು ಪಾಲು, ಡಿಸ್ಕಿನಲ್ಲಿ ಒಂದು ಕಡತ, ಇಷ್ಟನ್ನು ಬೇಲಿ ಹಾಕಿ ಪ್ರತ್ಯೇಕಿಸಿ, ಒಳಗೆ ಸೇರಿದ ಕಾರ್ಯವ್ಯವಸ್ಥೆಗೆ "ಇದೇ ಇಡೀ ಯಂತ್ರ" ಎಂಬ ಭಾವನೆ ಹುಟ್ಟುವಂತೆ ಮಾಡುವುದು. ಒಳಗಿನದಕ್ಕೆ ಅತಿಥಿಯೆಂದೂ ಹೊರಗಿನದಕ್ಕೆ ಆತಿಥೇಯನೆಂದೂ ಹೆಸರು. ನಮ್ಮ ಆತಿಥೇಯನು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲೋಕಕ್ಕೆ ತಿಳಿಸಿದ ವ್ಯವಸ್ಥೆ. ಅದರ ಡೆಬಿಯನ್ ಎಂಬ ರೂಪವನ್ನು ಹುಡುಗಿಯೇ ಹಿಂದಿನ ವರ್ಷ ನಮ್ಮ ಯಂತ್ರದಲ್ಲಿ ಹಾಕಿಕೊಟ್ಟಿದ್ದಳು.

ಈ ಉಪಾಯವು ನಿನ್ನೆ ಮೊನ್ನೆಯದಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಐಬಿಎಂ ಸಂಸ್ಥೆಯ ಕೇಂಬ್ರಿಡ್ಜ್ ಕೇಂದ್ರದಲ್ಲಿ ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳೆಂಬಂತೆ ಹಂಚುವ ಪ್ರಯೋಗವಾಯಿತು. 1972ರಲ್ಲಿ ಅದು ವಿಎಂ-370 ಎಂಬ ಹೆಸರಿನಿಂದ ಹೊರಬಂದಿತು. ಆದರೆ ಮನೆಮನೆಗಳಲ್ಲಿರುವ ಸಣ್ಣ ಯಂತ್ರಗಳ ಪ್ರೊಸೆಸರುಗಳು ಈ ಕೆಲಸಕ್ಕಾಗಿ ಹುಟ್ಟಿದವಲ್ಲ. ಕಾರ್ಯವ್ಯವಸ್ಥೆಯು ಯಂತ್ರದ ಪರಮಾಧಿಕಾರವನ್ನು ಬಯಸತಕ್ಕದ್ದು. ಒಂದು ಮನೆಯಲ್ಲಿ ಇಬ್ಬರು ಯಜಮಾನರಿದ್ದರೆ ಆಗುವ ಪಾಡೇ ಅಲ್ಲಿಯೂ ಆಗುತ್ತದೆ. ಅತಿಥಿಯು ಯಜಮಾನನ ಮಾತನ್ನಾಡಿದಾಗ ಅದನ್ನು ತಡೆದು, ಆತಿಥೇಯನಿಗೆ ತಿಳಿಸಿ, ಅತಿಥಿಗೆ ಬೇಸರವಾಗದಂತೆ ಉತ್ತರ ಕೊಡುವ ಸೌಕರ್ಯವನ್ನು ಇಂಟೆಲ್ ಸಂಸ್ಥೆಯವರು 2005ರಲ್ಲಿಯೂ ಎಎಂಡಿ ಸಂಸ್ಥೆಯವರು 2006ರಲ್ಲಿಯೂ ಪ್ರೊಸೆಸರಿನಲ್ಲಿಯೇ ಅಳವಡಿಸಿದರು. ಅಲ್ಲಿಂದ ಮುಂದೆ ಈ ವಿದ್ಯೆ ಸಾಮಾನ್ಯರಿಗೂ ಇನ್ನಷ್ಟು ಸುಲಭವಾಯಿತು.

ಇಲ್ಲಿ ಎರಡು ಹೆಸರುಗಳನ್ನು ವಾಚಕರು ನೆನಪಿಡಬೇಕು. ಒಂದು ಕ್ಯೂಎಮು, ಫ್ರಾನ್ಸಿನ ಫಾಬ್ರಿಸ್ ಬೆಲಾರ್ ಎಂಬವರು 2003ರಲ್ಲಿ ಹೊರತಂದದ್ದು. ಇದು ಡಿಸ್ಕು, ಕೀಲಿಮಣೆ, ಪರದೆ ಮೊದಲಾದ ಅಂಗಗಳನ್ನೆಲ್ಲ ಕಲ್ಪಿಸಿಕೊಡುತ್ತದೆ. ಬೇಕಾದರೆ ಪ್ರೊಸೆಸರನ್ನೂ ಕಲ್ಪಿಸೀತು. ಆದರೆ ಆಗ ಅತಿಥಿಯ ಒಂದೊಂದು ಆಜ್ಞೆಯನ್ನೂ ಭಾಷಾಂತರ ಮಾಡುತ್ತ ಹೋಗಬೇಕಾದುದರಿಂದ, ದುಭಾಷಿಯನ್ನಿಟ್ಟುಕೊಂಡು ಉಪನ್ಯಾಸ ಕೇಳಿದಂತೆ ಕೆಲಸವು ಬಹಳ ನಿಧಾನವಾಗುತ್ತದೆ. ಎರಡನೆಯದು ಕೆವಿಎಂ. ಕುಮ್ರಾನೆಟ್ ಎಂಬ ಸಂಸ್ಥೆಯಲ್ಲಿದ್ದ ಆವಿ ಕಿವಿಟಿ ಎಂಬವರು 2006ರಲ್ಲಿ ಇದನ್ನು ಪ್ರಕಟಿಸಿದರು. 2007ರ ಫೆಬ್ರುವರಿಯಲ್ಲಿ ಬಂದ ಲಿನಕ್ಸಿನ 2.6.20ನೆಯ ಆವೃತ್ತಿಯಿಂದ ಇದು ಲಿನಕ್ಸ್ ಕರ್ನಲ್ಲಿನ ಭಾಗವೇ ಆಗಿದೆ. ಕರ್ನಲ್ ಎಂದರೆ ಕಾಯಿಯೊಳಗಿನ ತಿರುಳು. ಯಂತ್ರದ ಅಂಗಗಳೊಡನೆ ನೇರವಾಗಿ ವ್ಯವಹರಿಸುವ ಅಧಿಕಾರ ಅದೊಂದಕ್ಕೇ ಉಂಟು. ಕೆವಿಎಂ ಇದ್ದರೆ ಅತಿಥಿಯ ಆಜ್ಞೆಗಳಲ್ಲಿ ಬಹುಪಾಲನ್ನು ನಿಜವಾದ ಪ್ರೊಸೆಸರೇ ನೇರವಾಗಿ ನಡೆಸುತ್ತದೆ. ದುಭಾಷಿಯ ಅಗತ್ಯವು ತಪ್ಪುತ್ತದೆ. ಅಂಗಗಳಿಗೆ ಕ್ಯೂಎಮು, ವೇಗಕ್ಕೆ ಕೆವಿಎಂ. ಹೀಗೆ ಇವೆರಡೂ ಬೀಸುವ ಕಲ್ಲಿನ ಎರಡು ಹೋಳುಗಳಂತೆ ಕೂಡಿ ಕೆಲಸ ಮಾಡುತ್ತವೆ.

ಮೊದಲು ಹುಡುಗಿಯು ವೈನ್ ಎಂಬ ಬೇರೊಂದು ಉಪಾಯವನ್ನು ಪರೀಕ್ಷಿಸಿದಳು. ಇದು ಯಂತ್ರವನ್ನು ಕಲ್ಪಿಸುವುದಿಲ್ಲ. ವಿಂಡೋಸಿನ ತಂತ್ರಾಂಶಗಳು ಕೇಳುವ ಸೇವೆಗಳನ್ನು ಲಿನಕ್ಸಿನ ಸೇವೆಗಳನ್ನಾಗಿ ಮಾರ್ಪಡಿಸುತ್ತದೆ. ಎಷ್ಟೋ ತಂತ್ರಾಂಶಗಳಿಗೆ ಇಷ್ಟೇ ಸಾಕು. ನಮ್ಮ ಶಿಷ್ಯನ ರಚನೆ ಮಾತ್ರ ಇದಕ್ಕೆ ಒಗ್ಗಲಿಲ್ಲ. ಪತ್ರದ ಚೌಕಟ್ಟು ಕಂಡಿತು, ಅಕ್ಷರ ಕಾಣಲಿಲ್ಲ. ಆದುದರಿಂದ ಇಡೀ ಮನೆಯನ್ನೇ ಕಟ್ಟುವ ಕಾರ್ಯಕ್ಕೆ ಕೈಹಾಕಬೇಕಾಯಿತು.

ಮೊದಲನೆಯ ಹೆಜ್ಜೆ, ಪ್ರೊಸೆಸರಿಗೆ ಆ ಯೋಗ್ಯತೆ ಇದೆಯೇ ಎಂದು ನೋಡುವುದು. ಲಿನಕ್ಸಿನಲ್ಲಿ ಪ್ರಾಕ್ ಎಂಬ ಕೋಶದೊಳಗೆ ಸಿಪಿಯು ಇನ್ಫೊ ಎಂಬ ಕಡತವಿರುತ್ತದೆ. ಪ್ರೊಸೆಸರಿನ ಗುಣಗಳೆಲ್ಲ ಅಲ್ಲಿ ಪಟ್ಟಿಯಾಗಿರುತ್ತವೆ. ಇಂಟೆಲಿನ ಪ್ರೊಸೆಸರಾದರೆ ವಿಎಂಎಕ್ಸ್ ಎಂಬ ಮೂರು ಅಕ್ಷರಗಳೂ, ಎಎಂಡಿಯದಾದರೆ ಎಸ್‌ವಿಎಂ ಎಂಬ ಮೂರು ಅಕ್ಷರಗಳೂ ಆ ಪಟ್ಟಿಯಲ್ಲಿ ಇರಬೇಕು. ನಮ್ಮದು ಇಂಟೆಲ್. ಪಟ್ಟಿಯಲ್ಲಿ ಆ ಅಕ್ಷರಗಳು ಕಾಣಲಿಲ್ಲ. "ಈ ಯಂತ್ರಕ್ಕೆ ಶಕ್ತಿಯಿಲ್ಲ, ಬಿಡು ಮಗು" ಎಂದೆವು. ಆಕೆ ಬಿಡಲಿಲ್ಲ. ಯಂತ್ರವು ಏಳುವಾಗ ಕರ್ನಲ್ಲು ಬರೆದಿಡುವ ದಿನಚರಿಯನ್ನು ತೆರೆದು ನೋಡಿದರೆ ಅಲ್ಲೊಂದು ಸಾಲು: ಕೆವಿಎಂ ಬಯೋಸಿನಿಂದ ತಡೆಯಲ್ಪಟ್ಟಿದೆ ಎಂಬರ್ಥದ್ದು. ಎಂದರೆ ಶಕ್ತಿ ಇಲ್ಲದೆಯಲ್ಲ, ಶಕ್ತಿಗೆ ಬೀಗ ಬಿದ್ದಿದೆ. ಬಯೋಸ್ ಎಂಬುದು ಕಾರ್ಯವ್ಯವಸ್ಥೆ ಏಳುವುದಕ್ಕೆ ಮುಂಚೆಯೇ ಎಚ್ಚರಗೊಂಡು ಅಂಗಾಂಗಗಳನ್ನು ಸಿದ್ಧಪಡಿಸುವ ದ್ವಾರಪಾಲಕ. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿದ ಕೂಡಲೆ ಎಫ್-2 ಕೀಲಿಯನ್ನು ಒತ್ತಿ (ಕೆಲವು ಯಂತ್ರಗಳಲ್ಲಿ ಇದು ಡಿಲೀಟ್ ಕೀಲಿ) ಒಳಹೊಕ್ಕು, ಪ್ರೊಸೆಸರಿನ ಪುಟದಲ್ಲಿ ವರ್ಚುವಲೈಸೇಶನ್ ಟೆಕ್ನಾಲಜಿ ಎಂಬುದರ ಮುಂದಿದ್ದ ನಿಷೇಧವನ್ನು ತೆಗೆದು, ಅದನ್ನು ಉಳಿಸಿ ಹೊರಬಂದೆವು. ಆಮೇಲೆ ನೋಡಿದರೆ ಮೂರು ಅಕ್ಷರಗಳೂ ಪಟ್ಟಿಯಲ್ಲಿ ಕುಳಿತಿದ್ದವು. ಹುಡುಗರಿಗೆ ಬುದ್ಧಿಯಿಲ್ಲವೆಂದು ನಾವು ತರಗತಿಯಲ್ಲಿ ಎಷ್ಟು ಮಂದಿಯ ವಿಷಯದಲ್ಲಿ ಆತುರದಿಂದ ಹೇಳಿಬಿಟ್ಟಿದ್ದೆವೋ ಎಂದು ಆಗ ಮನಸ್ಸಿಗೆ ಬಂದಿತು.

ಎರಡನೆಯ ಹೆಜ್ಜೆ, ಕರ್ನಲ್ಲಿನ ಸಹಾಯ. ಕೆವಿಎಂ ಎಂಬುದು ಕರ್ನಲ್ಲಿಗೆ ಬೇಕಾದಾಗ ಸೇರಿಸಿಕೊಳ್ಳಬಹುದಾದ ಘಟಕ. ಇಂಥ ಘಟಕಗಳಿಗೆ ಮಾಡ್ಯೂಲ್ ಎಂದು ಹೆಸರು. ಕೆವಿಎಂ ಎಂಬ ಸಾಮಾನ್ಯ ಮಾಡ್ಯೂಲ್ ಒಂದು. ಪ್ರೊಸೆಸರಿಗೆ ತಕ್ಕಂತೆ ಕೆವಿಎಂ-ಇಂಟೆಲ್ ಅಥವಾ ಕೆವಿಎಂ-ಎಎಂಡಿ ಎಂಬ ವಿಶೇಷ ಮಾಡ್ಯೂಲ್ ಇನ್ನೊಂದು. ಬೀಗ ತೆಗೆದ ಮೇಲೆ ಇವೆರಡೂ ತಾವಾಗಿಯೇ ಬಂದು ಸೇರಿದ್ದವು. ಬರದಿದ್ದರೆ ಮಾಡ್‌ಪ್ರೋಬ್ ಎಂಬ ಆಜ್ಞೆಯಿಂದ ಕರೆಯಬಹುದು. ಅವು ಬಂದಿರುವುದಕ್ಕೆ ಕುರುಹೆಂದರೆ, ಡೆವ್ ಎಂಬ ಕೋಶದಲ್ಲಿ ಕೆವಿಎಂ ಎಂಬ ಹೆಸರಿನ ಬಾಗಿಲು ಕಾಣಿಸಿಕೊಳ್ಳುವುದು. ಕ್ಯೂಎಮು ಈ ಬಾಗಿಲ ಮೂಲಕವೇ ಕರ್ನಲ್ಲಿನೊಡನೆ ಮಾತನಾಡುತ್ತದೆ.

ಇಲ್ಲಿ ಇನ್ನೊಂದು ಮಾತು. ವರ್ಚುವಲ್‌ಬಾಕ್ಸ್ ಎಂಬ ಬೇರೊಂದು ತಂತ್ರಾಂಶವೂ ಬಹುಜನರ ಬಳಕೆಯಲ್ಲಿದೆ. 2007ರಲ್ಲಿ ಬಂದದ್ದು, ಈಗ ಓರಾಕಲ್ ಸಂಸ್ಥೆಯ ಕೈಯಲ್ಲಿರುವುದು. ಅದನ್ನು ಬಳಸುವುದು ಸುಲಭ. ಆದರೆ ಅದಕ್ಕೆ ಬೇಕಾದ ಮಾಡ್ಯೂಲ್ ಸಾಮಾನ್ಯವಾಗಿ ಅದರೊಡನೆಯೇ ಪ್ರತ್ಯೇಕವಾಗಿ ಬರುತ್ತದೆ. ಆದಕಾರಣ ಕರ್ನಲ್ ಹೊಸದಾದಾಗಲೆಲ್ಲ ಆ ಮಾಡ್ಯೂಲನ್ನೂ ಹೊಸ ಕರ್ನಲ್ಲಿಗೆ ಸರಿಹೊಂದುವಂತೆ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಎಂಬ ಸಾಧನವು ಈ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಕರ್ನಲ್ಲಿನ ಹೆಡರ್ ಕಡತಗಳು ಯಂತ್ರದಲ್ಲಿರಬೇಕು. ಸೆಕ್ಯೂರ್ ಬೂಟ್ ಎಂಬ ಕಾವಲು ಇರುವ ಯಂತ್ರದಲ್ಲಿ, ಹೀಗೆ ಮನೆಯಲ್ಲಿ ಕಟ್ಟಿದ ಮಾಡ್ಯೂಲಿಗೆ ಯಜಮಾನನ ಮುದ್ರೆಯನ್ನು ಒತ್ತಿ, ಆ ಮುದ್ರೆಯನ್ನು ಯಂತ್ರಕ್ಕೆ ಪರಿಚಯಿಸದ ಹೊರತು ಕರ್ನಲ್ಲು ಅದನ್ನು ಒಳಗೆ ಬಿಡದು. "ನಿನ್ನೆ ನಡೆಯಿತು, ಇಂದು ನಡೆಯದು" ಎಂದು ಕೆಲವರು ಗೋಳಿಡುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಕೆವಿಎಂ ಕರ್ನಲ್ಲಿನೊಡನೆಯೇ ಹುಟ್ಟಿ ಅದರೊಡನೆಯೇ ಹೊಸದಾಗುವುದರಿಂದ ಈ ತೊಡಕು ಅದಕ್ಕಿಲ್ಲ. ನಮ್ಮಂಥ ವಯಸ್ಸಾದವರಿಗೆ ತೊಡಕಿಲ್ಲದ್ದೇ ಲೇಸೆಂದು ಅದನ್ನೇ ಹಿಡಿದೆವು.

ಮೂರನೆಯ ಹೆಜ್ಜೆ, ಮೂರು ಗಂಟುಗಳನ್ನು ತರಿಸುವುದು. ಡೆಬಿಯನ್ನಿನ ಭಂಡಾರದಿಂದ ಕ್ಯೂಎಮು, ಕಲ್ಪಿತಯಂತ್ರಗಳ ಲೆಕ್ಕಪತ್ರ ನೋಡಿಕೊಳ್ಳುವ ಲಿಬ್‌ವರ್ಟ್, ಕಣ್ಣಿಗೆ ಕಾಣುವ ಗುಂಡಿಗಳಿಂದ ಇವೆಲ್ಲವನ್ನೂ ನಡೆಸಲು ಅನುಕೂಲವಾದ ವರ್ಟ್-ಮ್ಯಾನೇಜರ್, ಇವು ಒಂದೇ ಆಜ್ಞೆಗೆ ಬಂದು ಕುಳಿತವು. ಇವೆಲ್ಲಕ್ಕೂ ಕಾಸು ಕೊಡಬೇಕಾದ್ದಿಲ್ಲ. ವರ್ಟ್-ಮ್ಯಾನೇಜರನ್ನು ತೆರೆದೆವು. ಅನುಮತಿಯಿಲ್ಲ ಎಂದಿತು. ನಮ್ಮ ಯಂತ್ರ, ನಮ್ಮ ಮನೆ, ನಮಗೇ ಅನುಮತಿಯಿಲ್ಲವೇ ಎಂದು ಸ್ವಲ್ಪ ಕೋಪವೂ ಬಂದಿತು. ಆದರೆ ಶಾಸ್ತ್ರಗ್ರಂಥಗಳ ಮೊದಲಲ್ಲಿಯೇ ಅಧಿಕಾರಿಯ ವಿಚಾರ ಬರುವುದನ್ನು ಮರೆಯಬಾರದು. ಲಿನಕ್ಸಿನಲ್ಲಿ ಲಿಬ್‌ವರ್ಟ್ ಎಂಬ ಹೆಸರಿನ ಒಂದು ಗುಂಪು ಇರುತ್ತದೆ; ಆ ಗುಂಪಿನಲ್ಲಿ ಹೆಸರು ಸೇರಿದವರೇ ಇಲ್ಲಿ ಅಧಿಕಾರಿಗಳು. ಹುಡುಗಿ ನಮ್ಮ ಹೆಸರನ್ನು ಸೇರಿಸಿದಳು. ಆದಾಗ್ಯೂ ಅನುಮತಿ ಸಿಕ್ಕಲಿಲ್ಲ. ಹೆಸರು ಸೇರಿದ ಮೇಲೆ ಒಮ್ಮೆ ವ್ಯವಸ್ಥೆಯಿಂದ ಹೊರಹೋಗಿ ಮತ್ತೆ ಒಳಬಂದರೆ ಮಾತ್ರ ಹೊಸ ಅಧಿಕಾರವು ಜಾರಿಗೆ ಬರುವುದೆಂಬುದು ಅರ್ಧ ಗಂಟೆ ಕಳೆದ ಮೇಲೆ ತಿಳಿಯಿತು.

ನಾಲ್ಕನೆಯ ಹೆಜ್ಜೆ, ಮನೆ ಕಟ್ಟುವುದು. ನಮ್ಮ ಯಂತ್ರದಲ್ಲಿ 8 ಗಿಗಾಬೈಟ್ ನೆನಪುಶಕ್ತಿಯಿದೆ. ಅದರಲ್ಲಿ 512 ಮೆಗಾಬೈಟನ್ನು ಅತಿಥಿಗೆ ಕೊಟ್ಟೆವು. ಇಂದಿಗೆ ಇದು ಅತ್ಯಲ್ಪವಾಗಿ ಕಂಡರೂ ಎಕ್ಸ್‌ಪಿಯ ಕಾಲಕ್ಕೆ ಶ್ರೀಮಂತಿಕೆ. ಡಿಸ್ಕಿಗಾಗಿ 10 ಗಿಗಾಬೈಟಿನ ಒಂದು ಕಡತ. ಕ್ಯೂಕೌ-2 ಎಂಬ ಬಗೆಯ ಈ ಕಡತವು ಮೊದಲೇ ಅಷ್ಟು ಜಾಗವನ್ನು ನುಂಗುವುದಿಲ್ಲ, ತುಂಬಿದಂತೆಲ್ಲ ಬೆಳೆಯುತ್ತದೆ. ಡಿಸ್ಕನ್ನು ಯಾವ ಬಗೆಯದೆಂದು ಅತಿಥಿಗೆ ತೋರಿಸಬೇಕೆಂಬುದರಲ್ಲಿ ಜಾಗ್ರತೆ ಬೇಕು. ವರ್ಟಿಯೋ ಎಂಬ ಹೊಸ ಬಗೆ ಬಹಳ ವೇಗದ್ದು. ಆದರೆ ಹಳೆಯ ವಿಂಡೋಸಿಗೆ ಅದರ ಪರಿಚಯವೇ ಇಲ್ಲ. ಸಾಟಾ ಎಂಬುದೂ ಅದಕ್ಕೆ ಅಪರಿಚಿತವಾಗಬಹುದು. ಆದುದರಿಂದ ಐಡಿಇ ಎಂಬ ಹಳೆಯ ಬಗೆಯನ್ನೇ ಆರಿಸಿದೆವು. ಹಿರಿಯರನ್ನು ಕರೆದಾಗ ಅವರಿಗೆ ಒಗ್ಗುವ ಮಣೆಯನ್ನೇ ಹಾಕಬೇಕಲ್ಲವೆ?

ಐದನೆಯದಾಗಿ, ಈ ಅತಿಥಿಗೆ ಅಂತರ್ಜಾಲದ ಸಂಪರ್ಕವನ್ನು ಕೊಡಲೇ ಇಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಪೋಷಣೆಯಿಲ್ಲದ ವ್ಯವಸ್ಥೆಯನ್ನು ಜಾಲಕ್ಕೆ ಬಿಡುವುದೆಂದರೆ ಅಗುಳಿಯಿಲ್ಲದ ಬಾಗಿಲನ್ನು ಸಂತೆಯ ದಾರಿಗೆ ತೆರೆದಿಟ್ಟಂತೆ. ವರ್ಟ್-ಮ್ಯಾನೇಜರಿನಲ್ಲಿ ಜಾಲದ ಅಂಗವನ್ನೇ ತೆಗೆದುಹಾಕಿದೆವು. ಈ ಎಚ್ಚರಿಕೆಯನ್ನು ವಾಚಕರು ಎಂದಿಗೂ ಬಿಡಕೂಡದು.

ಹಳೆಯ ಯಂತ್ರದ ಜೊತೆಗೆ ಕೊಂಡಿದ್ದ ಎಕ್ಸ್‌ಪಿಯ ಸಿ.ಡಿ., ಅದರ ಇಪ್ಪತ್ತೈದು ಅಕ್ಷರಗಳ ಕೀಲಿ, ಶಿಷ್ಯನ ತಂತ್ರಾಂಶದ ಸಿ.ಡಿ. ಇವು ನಮ್ಮ ಟ್ರಂಕಿನಲ್ಲಿ ಪಂಚಾಂಗಗಳ ಕೆಳಗೆ ಸುರಕ್ಷಿತವಾಗಿದ್ದವು. ಅನ್ಯರ ಸ್ವತ್ತನ್ನು ಕದ್ದು ಬಳಸಬೇಕಾಗಿ ಬರಲಿಲ್ಲವೆಂಬುದು ನಮಗೊಂದು ಸಮಾಧಾನ. ಮುಕ್ಕಾಲು ಗಂಟೆಯಲ್ಲಿ ಎಕ್ಸ್‌ಪಿ ಒಳಗೆ ಕುಳಿತಿತು. ನಮ್ಮ ಹೊಸ ಯಂತ್ರದ ಪರದೆಯ ನಡುವೆ ಒಂದು ಚೌಕ. ಆ ಚೌಕದಲ್ಲಿ ನಾವು ಹದಿನೈದು ವರ್ಷಗಳಿಂದ ಕಾಣದಿದ್ದ ಹಸುರು ಗುಡ್ಡ, ನೀಲಿಯ ಆಕಾಶ. ತೌರಿನ ಜಗಲಿಯನ್ನು ಕಂಡಂತಾಯಿತು. ಆ ಕೂಡಲೆ ಅತಿಥಿಯನ್ನು ಮಲಗಿಸಿ, ಆಗಿನ ಸ್ಥಿತಿಯ ಒಂದು ಪ್ರತಿಬಿಂಬವನ್ನು ತೆಗೆದಿಟ್ಟೆವು. ಮುಂದೆ ಏನು ಕೆಟ್ಟರೂ ಆ ಸ್ಥಿತಿಗೆ ಮರಳಬಹುದು. ಇದು ಕಲ್ಪಿತಯಂತ್ರದ ದೊಡ್ಡ ಗುಣ. ನಿಜವಾದ ಬಾಳಿಗೆ ಈ ಅನುಕೂಲವಿಲ್ಲ.

ಒಂದು ಗಡುವು ಮಾತ್ರ ಉಂಟಾಯಿತು. ಎಕ್ಸ್‌ಪಿಯನ್ನು ಹೊಸದಾಗಿ ಹಾಕಿದಾಗ, ಒಡೆಯರಲ್ಲಿ ನೋಂದಾಯಿಸಿ ಚಾಲನೆ ಪಡೆಯದಿದ್ದರೆ ಅದು 30 ದಿನಗಳವರೆಗೆ ಮಾತ್ರ ನಡೆಯುತ್ತದೆ. ಜಾಲದ ಸಂಪರ್ಕ ಬೇಡವೆಂದು ನಿಶ್ಚಯಿಸಿದ ಮೇಲೆ, ನಮ್ಮ ಕೆಲಸವು ಆ ಅವಧಿಯೊಳಗೆ ಮುಗಿಯತಕ್ಕದ್ದು.

ತಂತ್ರಾಂಶವನ್ನು ಹಾಕಿ ಕಡತವನ್ನು ತೆರೆದೆವು. ಅಕ್ಷರಗಳಿಗೆ ಬದಲಾಗಿ ಮತ್ತೆ ಮುರುಕು ಇಂಗ್ಲಿಷ್. ನಮ್ಮ ಎದೆ ಕುಸಿಯಿತು. ಸಿ.ಡಿ.ಯಲ್ಲಿದ್ದ ಹಳೆಯ ಕನ್ನಡ ಅಚ್ಚಿನ ಫಾಂಟನ್ನು ಪ್ರತ್ಯೇಕವಾಗಿ ಹಾಕಬೇಕೆಂಬುದು ಮರೆತುಹೋಗಿತ್ತು. ಹಾಕಿದೆವು. ಸ್ಥಾಲೀಪುಲಾಕ ನ್ಯಾಯವೆಂಬುದೊಂದಿದೆ: ಪಾತ್ರೆಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಇಡೀ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ನಾವೂ ಒಂದೇ ಪತ್ರವನ್ನು ತೆರೆದೆವು. ಒಂದು ತೊಟ್ಟಿಲ ಪದ. ಹಾಡಿದವರ ಹೆಸರಿನ ಮನೆಯಲ್ಲಿ ನಮ್ಮ ತಾಯಿಯವರ ಹೆಸರಿತ್ತು. ಸ್ವಲ್ಪ ಹೊತ್ತು ನಾವು ಮಾತನಾಡಲಿಲ್ಲ. ಹುಡುಗಿಯೂ ಮಾತನಾಡಿಸಲಿಲ್ಲ.

ಆ ತಂತ್ರಾಂಶದಲ್ಲಿ ಒಂದು ಸಲಕ್ಕೆ ಒಂದೇ ಪತ್ರವನ್ನು ಬರಿಯ ಅಕ್ಷರಗಳ ಕಡತವಾಗಿ ಹೊರತೆಗೆಯಲು ಸಾಧ್ಯ. ದಿನಕ್ಕೆ ನಲವತ್ತರಂತೆ ಹನ್ನೊಂದು ದಿನ ಕುಳಿತೆವು. ಇನ್ನು ಇವನ್ನು ಅತಿಥಿಯ ಮನೆಯಿಂದ ಹೊರಗೆ ತರುವುದು ಹೇಗೆ? ಜಾಲವಿಲ್ಲ. ಹುಡುಗಿ ಒಂದು ಕಲ್ಪಿತ ಫ್ಲಾಪಿಯನ್ನು ಮಾಡಿದಳು. ಹಳೆಯ ಫ್ಲಾಪಿಯ ಅಳತೆಯದೇ, 1440 ಕಿಲೋಬೈಟಿನ ಕಡತ. ಅದನ್ನು ಅತಿಥಿಗೆ ಜೋಡಿಸಿ ಪ್ರತಿಮಾಡತೊಡಗಿದರೆ ಅರ್ಧದಲ್ಲಿಯೇ ನಿಂತಿತು. ಜಾಗವು ಬೇಕಾದಷ್ಟಿದ್ದರೂ ಇನ್ನು ಸೇರಿಸಲಾರೆನೆಂದಿತು. ವಿಚಾರಿಸಲಾಗಿ, ಅಂಥ ಫ್ಲಾಪಿಯ ಹೊರಕೋಶದಲ್ಲಿ 224ಕ್ಕಿಂತ ಹೆಚ್ಚು ಹೆಸರುಗಳನ್ನು ಬರೆಯಲು ಎಡೆಯಿಲ್ಲವೆಂದು ತಿಳಿಯಿತು. ಒಳಗೊಂದು ಕೋಶವನ್ನು ಮಾಡಿ ಅದರಲ್ಲಿ ಹಾಕಿದರೆ ಆ ಮಿತಿಯಿಲ್ಲ. ಎಲ್ಲ 412 ಕಡತಗಳೂ ಹಿಡಿಸಿದವು. ಅತಿಥಿಯನ್ನು ಮಲಗಿಸಿ ಫ್ಲಾಪಿಯ ಕಡತವನ್ನು ಲಿನಕ್ಸಿನಲ್ಲಿ ತೆರೆದೆವು.

ಉಳಿದದ್ದು ಲಿಪಿಯ ಕೆಲಸ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿರುತ್ತಿದ್ದರು. ಫಾಂಟು ತಪ್ಪಿದರೆ ಕನ್ನಡವೂ ತಪ್ಪಿತು. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಬೀದಿಯುಂಟು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಸಾಧನಗಳಿವೆ. ಅವು ಎಡವುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ. ಕರ್ಪೂರವೆಂಬಲ್ಲಿ ರೇಫವು ಉಚ್ಚಾರಣೆಯಲ್ಲಿ ಪೂಕಾರಕ್ಕಿಂತ ಮೊದಲು. ಬರೆಹದಲ್ಲಿ ಅರ್ಕಾವತ್ತಾಗಿ ಅದರ ಬಲಕ್ಕೆ. ಹಳೆಯ ಪದ್ಧತಿ ಕಣ್ಣಿಗೆ ಕಂಡ ಕ್ರಮದಲ್ಲಿ ಬರೆಯುತ್ತದೆ. ಯೂನಿಕೋಡ್ ಕಿವಿಗೆ ಕೇಳಿದ ಕ್ರಮದಲ್ಲಿ ಬರೆಯುತ್ತದೆ. ಪರಿವರ್ತಕಕ್ಕೆ ಈ ವ್ಯಾಕರಣವು ಸರಿಯಾಗಿ ತಿಳಿಯದಿದ್ದರೆ ಕರ್ಪೂರವು "ಕಪೂರ್ರ"ವಾಗುತ್ತದೆ. ಅಂಥ ತಪ್ಪುಗಳನ್ನು ನಾವು ಕೆಂಪು ಶಾಯಿಯ ಅಭ್ಯಾಸದಿಂದ ಒಂದೊಂದಾಗಿ ತಿದ್ದಿದೆವು. ನಾಲ್ಕು ದಶಕ ಮಕ್ಕಳ ಪುಸ್ತಕ ತಿದ್ದಿದ್ದು ಕೊನೆಗೆ ನಮ್ಮ ಮನೆಗೇ ಉಪಯೋಗಕ್ಕೆ ಬಂದಿತು.

ಎಲ್ಲ ತಪ್ಪನ್ನೂ ತಿದ್ದಿದೆವೆಂದೇ ತಿಳಿದಿದ್ದೆವು. ಕಾಗದದ ಮೇಲೆ ಅಚ್ಚುಮಾಡಿ ಅಕ್ಕನ ಹತ್ತಿರ ಕುಳಿತು ಓದತೊಡಗಿದೆವು. ಮೊದಲ ದಿನ ಅವರು ಸುಮ್ಮನೆ ಕೇಳಿದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಸಂಜೆ ಒಂದು ಆರತಿಯ ಹಾಡನ್ನು ಓದುತ್ತಿರುವಾಗ, ನಮ್ಮ ಕಣ್ಣುತಪ್ಪಿ ಉಳಿದಿದ್ದ ಒಂದು "ಕಪೂರ್ರ" ಬಾಯಿಗೆ ಬಂದಿತು. ಅಕ್ಕನವರು ಥಟ್ಟನೆ ನಮ್ಮ ಕಡೆ ತಿರುಗಿ, "ಕರ್ಪೂರ ಅನ್ನೋ ತಮ್ಮಯ್ಯ, ಮೇಷ್ಟ್ರಾಗಿ ಅಷ್ಟೂ ಬರೋಲ್ಲವೇ!" ಎಂದು ನಕ್ಕರು. ಅನಂತರ ಕಾಗದದ ಅಗತ್ಯವಿಲ್ಲದೆ ಆ ಹಾಡನ್ನು ಕೊನೆಯವರೆಗೆ ತಾವೇ ಹಾಡಿದರು. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮರುದಿನ ಬೆಳಗ್ಗೆ ಅಕ್ಕನವರಿಗೆ ಇದಾವುದೂ ನೆನಪಿರಲಿಲ್ಲ. ಅದಕ್ಕೆ ನಾವು ದುಃಖಪಟ್ಟೆವು. ಆದರೆ ಮತ್ತೆ ಓದಿದೆವು, ಮತ್ತೆ ಹಾಡಿದರು. ಆ ಒಂದು ತಪ್ಪನ್ನು ಮಾತ್ರ ಕಾಗದದಲ್ಲಿ ಇನ್ನೂ ತಿದ್ದದೆ ಹಾಗೆಯೇ ಉಳಿಸಿಕೊಂಡಿದ್ದೇವೆ.

ಕಡೆಯದಾಗಿ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಮನೆಯ ಹಿರಿಯರ ಬರೆಹ, ಲೆಕ್ಕ, ಹಾಡು, ಔಷಧಿಯ ಚೀಟಿ ಏನಾದರೂ ಹಳೆಯ ಯಂತ್ರದಲ್ಲಿದ್ದರೆ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಮೂರು ವಸ್ತುಗಳನ್ನು ಉಳಿಸಿಕೊಳ್ಳಿರಿ: ಬರೆಹದ ಕಡತ, ಅದನ್ನು ಓದುವ ತಂತ್ರಾಂಶ, ಆ ತಂತ್ರಾಂಶವು ನಿಲ್ಲುವ ಕಾರ್ಯವ್ಯವಸ್ಥೆಯ ಸಿ.ಡಿ. ಮತ್ತು ಕೀಲಿ. ಹೊಸದಾಗಿ ಬರೆಯುವುದೆಲ್ಲವನ್ನೂ ಯೂನಿಕೋಡಿನಲ್ಲಿ, ಯಾವ ಯಂತ್ರದಲ್ಲಿಯೂ ತೆರೆಯಬಲ್ಲ ಸರಳವಾದ ಕಡತಗಳಲ್ಲಿ ಬರೆಯಿರಿ. ಮುಖ್ಯವಾದುದನ್ನು ಕಾಗದದ ಮೇಲೂ ಅಚ್ಚುಮಾಡಿಡಿರಿ. ಕಲ್ಪಿತಯಂತ್ರವು ಆಪದ್ಧರ್ಮ, ನಿತ್ಯಧರ್ಮವಲ್ಲ. ಆದರೆ ಆಪತ್ತು ಬಂದಾಗ ಮನೆಯೊಳಗೇ ಇನ್ನೊಂದು ಮನೆಯನ್ನು ಕಟ್ಟಿ, ಹಿರಿಯರನ್ನು ಕರೆದು ಕೂರಿಸಬಹುದೆಂಬುದನ್ನು ಮರೆಯಬೇಡಿರಿ. ಮತ್ತು ಮನೆಯ ಹುಡುಗ ಹುಡುಗಿಯರನ್ನು ಕೇಳಲು ಸಂಕೋಚಪಡಬೇಡಿರಿ. ನಮಗೆ ಈ ಪಾಠವನ್ನು ಹೇಳಿಕೊಟ್ಟ ಗುರುವಿಗೆ ಈಗ ಇಪ್ಪತ್ತು ವರ್ಷ.

ಮುಂದಿನ ತಿಂಗಳು, ಅಕ್ಕನ ಪತ್ರಗಳಲ್ಲಿ ಸಿಕ್ಕಿದ ಮಲೆನಾಡಿನ ಹಸೆಯ ಬಣ್ಣಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ವಿಧಾನವನ್ನು ಬರೆಯಬೇಕೆಂದಿದ್ದೇವೆ.